ಐಟಮ್ ಮೋಟ್: ಮನೆಗಿಂತ ಮೊದಲು ಕಂದಕವನ್ನು ನೋಡಿ

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ, ಸೆವೆನೋಕ್ಸ್ ಪಟ್ಟಣದ ಸಮೀಪವಿರುವ ಐಟಮ್ ಮೋಟ್, ನಾಲ್ಕೂ ಕಡೆ ನೀರು ತುಂಬಿದ ಕಂದಕದ ನಡುವೆ ಮಾಡು, ಗೋಡೆ, ಅಂಗಳಗಳ ಸಮೇತ ಉಳಿದುಬಂದಿರುವ ಮಧ್ಯಯುಗದ ಜಮೀನ್ದಾರಿ ಮನೆ. 1320ರ ಸುಮಾರಿಗೆ ಕಟ್ಟಲು ತೊಡಗಿದ ಈ ಮನೆ 1985ರಿಂದ, ಪಾರಂಪರಿಕ ತಾಣಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ಸುಪರ್ದಿಯಲ್ಲಿದೆ.

ಒಳಗೆ ಹೋಗುವ ಮುನ್ನ ಕಂದಕದ ದಂಡೆಯಲ್ಲಿ ಒಂದು ಸುತ್ತು ನಡೆಯಬೇಕೆಂಬುದು ನನ್ನ ಮೊದಲ ಸಲಹೆ. ಮನೆ ನಿಂತಿರುವುದು ಕಣಿವೆಯ ತಗ್ಗಿನಲ್ಲಿ. ಶತ್ರುವನ್ನು ತಡೆಯುವುದೇ ಮುಖ್ಯವಾಗಿದ್ದರೆ, ಸುತ್ತಲ ಇಳಿಜಾರುಗಳಿಂದ ಪೂರಾ ಕಾಣುವ ಇಂಥ ಜಾಗವನ್ನು ಯಾರೂ ಆರಿಸುತ್ತಿರಲಿಲ್ಲ. ಇಲ್ಲಿ ತೊರೆಯ ನೀರು ಸುಲಭವಾಗಿ ಒದಗುತ್ತಿತ್ತು, ಅಷ್ಟೇ. ಇಂಗ್ಲೆಂಡಿನಲ್ಲಿ ಗುರುತಿಸಲಾಗಿರುವ ಸುಮಾರು 6,000 ಕಂದಕ ತಾಣಗಳಲ್ಲಿ ಹೆಚ್ಚಿನವು 1250ರಿಂದ 1350ರ ನಡುವೆ ಅಗೆದವು. ಕಳ್ಳರನ್ನೂ ದಾರಿ ತಪ್ಪಿ ಬರುವ ದನಗಳನ್ನೂ ದೂರವಿಡಲು, ಮೀನು ಸಾಕಲು ಅವು ಉಪಯೋಗಕ್ಕೆ ಬರುತ್ತಿದ್ದುದು ನಿಜವಾದರೂ, ಮನೆಯ ಒಡೆಯನ ಅಂತಸ್ತನ್ನು ಸಾರುವುದೇ ಅವುಗಳ ಮುಖ್ಯ ಕೆಲಸವಾಗಿತ್ತೆಂದು ವಿದ್ವಾಂಸರಲ್ಲಿ ಹೆಚ್ಚಿನವರು ಭಾವಿಸುತ್ತಾರೆ. ಈ ದಂಡೆಯ ಮೇಲೆ ನಿಂತಾಗ ನನಗೂ ಹಾಗೆಯೇ ಅನ್ನಿಸಿತು.

ಉಳಿದ ತಾಣಗಳಲ್ಲಿ ಬಹುಪಾಲು ಇಂದು ಹುಲ್ಲು ಬೆಳೆದ ಚೌಕಾಕಾರದ ದಿಬ್ಬ, ಅದರ ಸುತ್ತ ಒಂದು ಹಳ್ಳ, ಇಷ್ಟೇ ಆಗಿ ಕಾಣುತ್ತವೆ. ಪುರಾತತ್ವಜ್ಞರಿಗೆ ಅವು ಅಮೂಲ್ಯವಾಗಿರುವುದು ತಳದ ಕೆಸರಿನಿಂದಾಗಿ. ಸದಾ ನೀರಿನಡಿ ಇರುವ ಆ ಕೆಸರಿಗೆ ಗಾಳಿ ತಲುಪದಿರುವುದರಿಂದ, ಒಣನೆಲದಲ್ಲಿ ಬೇಗ ಕೊಳೆತುಹೋಗುವ ಮರದ ಪಾತ್ರೆ, ತೊಗಲಿನ ಪಾದರಕ್ಷೆ, ಬೀಜ, ಪರಾಗಗಳು ಶತಮಾನಗಳ ಕಾಲ ಕೆಡದೆ ಉಳಿಯಬಲ್ಲವು. ಒಂದು ಮನೆಯವರು ಏನು ಉಂಡರು, ಸುತ್ತಲ ಹೊಲದಲ್ಲಿ ಏನು ಬೆಳೆದರು ಎಂಬುದನ್ನು ಅವುಗಳಿಂದ ತಿಳಿಯಬಹುದು. ಅಗೆದ ಮಣ್ಣನ್ನು ನಡುವಿನ ನೆಲಕ್ಕೆ ಸುರಿದು ಎತ್ತರಿಸಿದ ಕಡೆಗಳಲ್ಲಿ, ಅದಕ್ಕೂ ಹಿಂದಿನ ಕಾಲದ ನೆಲವೇ ಅಡಿಯಲ್ಲಿ ಮುಚ್ಚಿಕೊಂಡು ಉಳಿದಿರುತ್ತದೆ. ಬರಿಯ ದಿಬ್ಬಗಳನ್ನಷ್ಟೇ ಕಂಡವರು ಇಲ್ಲಿಗೆ ಒಮ್ಮೆ ಬಂದರೆ, ಆ ದಿಬ್ಬಗಳ ಮೇಲೆ ಒಂದು ಕಾಲಕ್ಕೆ ಏನಿತ್ತೆಂದು ಊಹಿಸುವುದು ಸುಲಭವಾಗುತ್ತದೆ.

ಒಳಗಿನ ದೊಡ್ಡ ಹಜಾರ, ಟ್ಯೂಡರ್ ರಾಜವಂಶದ ಕಾಲದ (1485–1603) ಚಿತ್ರಿತ ಚಾವಣಿಯ ಪ್ರಾರ್ಥನಾ ಮಂದಿರ ಎರಡೂ ಸುಂದರವಾಗಿವೆ. ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ದುರಸ್ತಿಯ ಕಥೆ. 1989ರಿಂದ 2004ರವರೆಗೆ, ಒಂದು ಕೋಟಿ ಪೌಂಡಿನಷ್ಟು ವೆಚ್ಚದಲ್ಲಿ, ಕಟ್ಟಡವನ್ನು ಭಾಗಭಾಗವಾಗಿ ಬಿಚ್ಚಿ, ದಾಖಲಿಸಿ, ಮತ್ತೆ ಜೋಡಿಸಲಾಯಿತು. ದುರಸ್ತಿಯೇ ಒಂದು ಉತ್ಖನನವೂ ಆದ ಇಂಥ ನಿದರ್ಶನವನ್ನು ನಾನು ಬೇರೆಡೆ ಕಂಡಿಲ್ಲ.

ಕನಿಷ್ಠ ಅರ್ಧ ದಿನ ಇಟ್ಟುಕೊಂಡು ಹೋಗಿ. ವಾಹನ ನಿಲುಗಡೆಯಿಂದ ಮನೆಗೆ ಇಳಿಜಾರಿನ ದಾರಿಯಿರುವುದರಿಂದ, ಮೊಣಕಾಲು ನೋವಿರುವವರು ಮರಳಿ ಹತ್ತಿ ಬರಲು ಸಾಕಷ್ಟು ಸಮಯ ಉಳಿಸಿಕೊಳ್ಳುವುದು ಒಳ್ಳೆಯದು.