ಪೆಟ್ರೋಲ್ ಉಳಿಸುವ ಡಬ್ಬಿ, ನೋವು ಕಳೆಯುವ ಮ್ಯಾಗ್ನೆಟ್ ಪಟ್ಟಿ: ದಯವಿಟ್ಟು ದುಡ್ಡು ಕಳೆದುಕೊಳ್ಳಬೇಡಿ

ಸ್ಟೇರಿಂಗ್ ಕೆಳಗೆ, ಮೆಕ್ಯಾನಿಕ್ ದೋಷ ಹುಡುಕಲು ಸ್ಕ್ಯಾನರ್ ಜೋಡಿಸುವ ಒಬಿಡಿ ಪೋರ್ಟ್‌ಗೆ ಚುಚ್ಚುವ ಫ್ಯುಯೆಲ್ ಸೇವರ್, ಪೆಟ್ರೋಲ್ ಪೈಪಿಗೆ ಕಟ್ಟುವ ಎರಡು ಮ್ಯಾಗ್ನೆಟ್, ಜೊತೆಗೆ ಮಂಡಿನೋವು, ಸುಸ್ತು ಎಲ್ಲಕ್ಕೂ ಅಂತ ಕೈಗೆ ಕಟ್ಟುವ ಮ್ಯಾಗ್ನೆಟ್ ಪಟ್ಟಿ ಫ್ರೀ. ಮೂರೂ ಒಂದೇ ಪ್ಯಾಕ್‌ನಲ್ಲಿ ಬರುತ್ತವೆ. ಮೂರೂ ಮೋಸ. ಹಾಕಿ, ಅಳೆದು, ಕೊನೆಗೆ ಬಿಚ್ಚಿ ನೋಡಿಯೇ ಹೇಳುತ್ತಿದ್ದೇನೆ. ಎಂಜಿನ್ ಕೆಲಸ ಗೊತ್ತಿದ್ದೂ ಕೊಂಡೆನಲ್ಲ ಅಂತ ನಾಚಿಕೆಯಾಗುತ್ತಿದೆ.

ಡಬ್ಬಿಯ ಒಳಗೆ ಏನಿದೆ ಗೊತ್ತಾ? ಬೆರಳಗಲದ ಒಂದು ಬೋರ್ಡು. ಮೂರು ಎಲ್‌ಇಡಿ, ಒಂದು ಬಟನ್, ನಾಲ್ಕಾರು ರೆಸಿಸ್ಟರ್, ಎಂಟು ಕಾಲಿನ ಒಂದು ಪುಟ್ಟ ಚಿಪ್. ಅಷ್ಟೇ. ಇವತ್ತಿನ ಕಾರು ಒಬಿಡಿಯ 6 ಮತ್ತು 14ನೇ ಪಿನ್‌ಗಳಲ್ಲಿ ಮಾತಾಡುತ್ತದೆ. ಈ ಬೋರ್ಡಿನಲ್ಲಿ ಆ ಎರಡಕ್ಕೂ ಸಂಪರ್ಕವೇ ಇಲ್ಲ, ಆ ಮಾತನ್ನು ಕಳಿಸಿ ಪಡೆಯುವ ಚಿಪ್ (ಕ್ಯಾನ್ ಟ್ರಾನ್ಸೀವರ್) ಅಂತೂ ಇಲ್ಲವೇ ಇಲ್ಲ. 16ನೇ ಪಿನ್ನಿಂದ ಬ್ಯಾಟರಿ, 4ನೇದರಿಂದ ಅರ್ಥ್, ಅದರಲ್ಲಿ ಎಲ್‌ಇಡಿ ಮಿಣುಕುತ್ತದೆ. ಎಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ಹೇಳಿದ್ದನ್ನು ಕೇಳಲು ಡಬ್ಬಿಗೆ ಕಿವಿಯಿಲ್ಲ, ಇಸಿಯುಗೆ ಹೇಳಲು ಬಾಯಿಯಿಲ್ಲ. 16ನೇ ಪಿನ್‌ನಲ್ಲಿ ಕೀ ತೆಗೆದರೂ ಕರೆಂಟ್ ಇರುವುದರಿಂದ, ನಿಲ್ಲಿಸಿದ ಕಾರಿನ ಬ್ಯಾಟರಿಯನ್ನೂ ಇದು ಸ್ವಲ್ಪ ಸ್ವಲ್ಪವೇ ತಿನ್ನುತ್ತಿರುತ್ತದೆ.

ಮಾರಿದವರ ಉತ್ತರ ನೋಡಿ. ಮೊದಲು, "200 ಕಿ.ಮೀ. ಓಡಿಸಿ ಸರ್, ಅದು ನಿಮ್ಮ ಡ್ರೈವಿಂಗ್ ಕಲಿಯುತ್ತೆ." ಆಮೇಲೆ, "500 ಆಗಲಿ ಸರ್." 500 ಆದ ಮೇಲೆ, "ನಿಮ್ಮ ಪೆಟ್ರೋಲ್ ಸರಿ ಇಲ್ಲ ಅನ್ಸುತ್ತೆ." ಅಷ್ಟರಲ್ಲಿ ವಾಪಸ್ ಕೊಡುವ ದಿನ ಮುಗಿದಿತ್ತು. ಆಗ ಹೊಳೆಯಿತು, ಆ 200, 500 ಇದ್ದದ್ದೇ ಅದಕ್ಕೆ. ಕಲಿಯುವ ಚಿಪ್ಪೇ ಅಲ್ಲ ಅದು. ಕಲಿಯಲು ಅದಕ್ಕೆ ಏನೂ ಕೇಳಿಸುವುದೇ ಇಲ್ಲ!

ಪೈಪಿನ ಮ್ಯಾಗ್ನೆಟ್ ಕಥೆಯೂ ಇದೇ. "ಪೆಟ್ರೋಲ್ ಕಣಗಳ ಗುಂಪು ಒಡೆದು ಪೂರ್ತಿ ಉರಿಯುತ್ತೆ" ಅನ್ನುತ್ತಾರೆ. ಪೆಟ್ರೋಲ್ ಡಯಾಮ್ಯಾಗ್ನೆಟಿಕ್ (ಮ್ಯಾಗ್ನೆಟ್ ಅದನ್ನು ಸೆಳೆಯದೆ ಚೂರು ತಳ್ಳುತ್ತದೆ), ಮ್ಯಾಗ್ನೆಟ್‌ಗೆ ಅದು ತೋರುವ ಪ್ರತಿಕ್ರಿಯೆ ತೀರಾ ಅತ್ಯಲ್ಪ. ಮ್ಯಾಗ್ನೆಟ್ ದಾಟಿದ ಕೂಡಲೇ ಅದೂ ಉಳಿಯುವುದಿಲ್ಲ. ಪೈಪ್ ಉಕ್ಕಿನದಾದರೆ ಕಾಂತಬಲದ ಬಹುಪಾಲು ಪೈಪಿನ ಗೋಡೆಯಲ್ಲೇ ಹರಿದುಹೋಗುತ್ತದೆ. ಅದಿರಲಿ, ಆರೋಗ್ಯವಾಗಿರುವ ಇಂಜೆಕ್ಷನ್ ಎಂಜಿನ್ ಪೆಟ್ರೋಲನ್ನು ಈಗಾಗಲೇ ಹೆಚ್ಚುಕಡಿಮೆ ಪೂರ್ತಿ ಉರಿಸುತ್ತದೆ. ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಸೆನ್ಸರ್ ನೋಡಿಕೊಂಡು ಇಸಿಯು ಗಾಳಿ-ಪೆಟ್ರೋಲ್ ತೂಕವನ್ನು 14.7ಕ್ಕೆ 1ರ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ನಷ್ಟವಾಗುವುದು ಉರಿಯದ ಪೆಟ್ರೋಲಿನಿಂದಲ್ಲ, ಸೈಲೆನ್ಸರ್ ಮತ್ತು ರೇಡಿಯೇಟರ್‌ನಿಂದ ಹೊರಹೋಗುವ ಶಾಖದಿಂದ. ಅದನ್ನು ಯಾವ ಮ್ಯಾಗ್ನೆಟ್ ತಡೆಯುತ್ತದೆ? ರಬ್ಬರ್ ಹೋಸ್ ಮೇಲೆ ಕೇಬಲ್ ಟೈ ಬಿಗಿದು ಇಷ್ಟು ಭಾರ ನೇತುಹಾಕಿದರೆ ಹೋಸ್ ಉಜ್ಜಿ ಸವೆಯುತ್ತದೆ, ಬಿಸಿ ಎಂಜಿನ್ ಪಕ್ಕದಲ್ಲಿ.

"ನಮಗೆ ಮೈಲೇಜ್ ಬಂದಿದೆ" ಅನ್ನುವವರು ಸುಳ್ಳು ಹೇಳುತ್ತಿಲ್ಲ. 10 ಲೀಟರ್ ತುಂಬಿಸುವಾಗ ಬಂಕಿನ ನಾಜಲ್ ತಾನಾಗಿ ನಿಲ್ಲುವುದು (ಆಟೋ ಕಟ್) ಅರ್ಧ ಲೀಟರ್ ಹಿಂದೆ ಮುಂದೆ ಆದರೆ ಅಲ್ಲೇ 5% ವ್ಯತ್ಯಾಸ. ಹೊಸದು ಹಾಕಿದ ಉತ್ಸಾಹಕ್ಕೆ ಕಾಲೂ ಮೆತ್ತಗಾಗುತ್ತದೆ, ಟೈರಿಗೆ ಗಾಳಿಯೂ ಬೀಳುತ್ತದೆ. ಸರಿಯಾಗಿ ಅಳೆಯಬೇಕಾದರೆ ಅದೇ ಬಂಕ್, ಅದೇ ನಾಜಲ್, ಮೊದಲ ಕಟ್‌ಗೇ ನಿಲ್ಲಿಸಿ, ಡಬ್ಬಿ ಹಾಕಿ ಮೂರು ಫುಲ್ ಟ್ಯಾಂಕ್, ತೆಗೆದು ಮೂರು. ಯಾವಾಗ ಹಾಕಿದ್ದು, ಯಾವಾಗ ತೆಗೆದದ್ದು ಅಂತ ಓಡಿಸುವವರಿಗೆ ಗೊತ್ತಾಗಬಾರದು. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಥ 100ಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಅಲ್ಪಸ್ವಲ್ಪ ಉಳಿಸಿದ್ದು ಕೆಲವೇ ಕೆಲವು.

ಕೈಪಟ್ಟಿ ಬಗ್ಗೆ ಇನ್ನೂ ಕೋಪವಿದೆ. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದ ಹಾಗಲ್ಲ, ಹಿಮೋಗ್ಲೋಬಿನ್‌ನಲ್ಲಿ ಬೆರೆತಿರುವಂಥದ್ದು, ಮ್ಯಾಗ್ನೆಟ್ ಅದನ್ನು ಎಳೆದು ಓಡಿಸುವುದಿಲ್ಲ. ಎಂಆರ್‌ಐ ಯಂತ್ರದ 1.5 ಟೆಸ್ಲಾದಷ್ಟು ಜೋರಾದ ಕಾಂತಕ್ಷೇತ್ರದಲ್ಲೂ ರಕ್ತ ತನ್ನ ಪಾಡಿಗೆ ಹರಿಯುತ್ತಿರುತ್ತದೆ. ಈ ಪಟ್ಟಿಗೆ ಹತ್ತು ಹಾಳೆ ಕಾಗದದ ಆಚೆಯಿಂದ ಒಂದು ಪೇಪರ್ ಕ್ಲಿಪ್ ಹಿಡಿಯಲಾಗಲಿಲ್ಲ, ಚರ್ಮದಾಚೆಗೆ ಏನು ಮಾಡೀತು? ಆದರೆ ಜೋರಾದ ಮ್ಯಾಗ್ನೆಟ್ ಇರುವ ಪಟ್ಟಿಗಳೂ ಇವೆ, ಪೇಸ್‌ಮೇಕರ್ ಇದ್ದವರು ಮ್ಯಾಗ್ನೆಟ್ಟನ್ನು ಎದೆಯಿಂದ ಕನಿಷ್ಠ 15 ಸೆಂ.ಮೀ. ದೂರ ಇಡಲೇಬೇಕು. ಪ್ಯಾಕ್ ಮೇಲೆ ಈ ಮಾತೇ ಇಲ್ಲ. ಕೇಳಿದರೆ "ಎಲ್ಲರಿಗೂ ಸೇಫ್ ಸರ್" ಅಂತ ಉತ್ತರ. ಇಷ್ಟು ಸಲೀಸಾಗಿ ಹೇಳುವ ಮಾತಾ ಇದು?

ಈಗಾಗಲೇ ಕೊಂಡಿದ್ದರೆ 200 ಕಿ.ಮೀ. ಕಾಯಬೇಡಿ, ಇವತ್ತೇ ವಾಪಸ್ ಹಾಕಿ. ಬಿಚ್ಚಲೂ ಬೇಡಿ. ಬೋರ್ಡಿನ ಫೋಟೋ ಕಳಿಸಿದ್ದಕ್ಕೆ ಬಂದ ಉತ್ತರ ಒಂದೇ ಸಾಲು: "ಬಿಚ್ಚಿದ್ದೀರಾ? ವಾರಂಟಿ ಹೋಯ್ತು ಸರ್."