ಹುಬ್ಬಳ್ಳಿ ಸೂಪರ್ ಮಾರ್ಕೆಟ್‌ನ್ಯಾಗ ಅತ್ತಿಯಾರು ಬಿದ್ದು ಕೈ ಮುರ್ಕೊಂಡ್ರು, ಪರಿಹಾರ ಹೆಂಗ ಸಿಕ್ತು (5ಕ್ಕ 2 ಸ್ಟಾರ್)

ಸಾಮಾನಿನ ಬಗ್ಗೆ ಮೊದ್ಲ ಹೇಳಿಬಿಡ್ತೀನಿ, ಅದರಾಗ ಸುಳ್ಳ ಹೇಳಬಾರ್ದು. ಜ್ವಾಳ ಚಲೋ ಇರ್ತಾವ, ಬ್ಯಾಳಿ ಸ್ವಚ್ಛ, ಶೇಂಗಾ ಒಳಗ ಹಳ್ಳ ಮಣ್ಣ ಇರೂದಿಲ್ಲ, ದುರ್ಗದಬೈಲಿನ ಗದ್ದಲದಾಗ ಗಾಡಿ ಹಚ್ಚಾಕ ಜಾಗಾ ಹುಡ್ಕೋದು ತಪ್ತೈತಿ, ಮ್ಯಾಲ ಎಂಆರ್‌ಪಿಗಿಂತ ಎರಡು ನಾಕು ರೂಪಾಯಿ ಕಡಿಮಿನೂ ಹಿಡೀತಾರ. ಅದಕ್ಕ ನಾವು ತಿಂಗಳ ಸಂತಿ ಎಲ್ಲಾ ಅಲ್ಲೇ ಮಾಡ್ತಿದ್ವಿ. ಸಾಮಾನಿಗೆ 4 ಸ್ಟಾರ್ ಕೊಡಾಕ ಅಡ್ಡಿ ಇಲ್ಲ. ಅಂಗಡಿ ಹೆಸರು ಮಾತ್ರ ಹಾಕಂಗಿಲ್ಲ, ಯಾಕಂದ್ರ ನಾ ಬರ್ಯಾಕತ್ತಿದ್ದು ಒಬ್ಬರ ಮಾನ ಕಳ್ಯಾಕಲ್ಲ, ಇಂಥಾ ಅಂಗಡಿ ಊರ ತುಂಬ ಅದಾವ ಮತ್ತ ಎಲ್ಲಾ ಕಡೆ ಹಾಲಿನ ಫ್ರಿಜ್ ಮುಂದ ಹಿಂಗ ನೀರ ನಿಂತಿರ್ತೈತಿ.

ಪಂಚಮಿ ಹಬ್ಬಕ್ಕ ಇನ್ನೊಂದು ವಾರ ಇತ್ತು. ಎಳ್ಳು, ಪುಟಾಣಿ, ಬೆಲ್ಲ ಎಲ್ಲಾ ಬಿಲ್ ಆಗಿತ್ತು, ಹಾಲು ಮೊಸರು ಮರ್ತೀವಂತ ಅತ್ತಿಯಾರು ವಾಪಸ್ ಒಳಗ ಹೋದ್ರು. ಫ್ರಿಜ್ ಬುಡಕ್ಕಿಂದ ನೀರು ತೊಟ್ಟಿಕ್ಕಿ ಟೈಲ್ಸ್ ಮ್ಯಾಲ ಹರದಿತ್ತು, ಅದನ್ನ ಒರಸೂದು ಬಿಟ್ಟು ಯಾರೋ ಬಿಸ್ಕೀಟ್ ಡಬ್ಬಿ ರಟ್ಟು ಹರದು ಹಾಸಿದ್ರು. ಆ ರಟ್ಟು ನೀರು ಕುಡದು ಮೆತ್ತಗಾಗಿ ಕೆಳಗ ಲೋಳಿ ಲೋಳಿ ಆಗಿತ್ತು. ಅತ್ತಿಯಾರು ಕಾಲ ಇಟ್ಟಕೂಡ್ಲೆ ರಟ್ಟಿನ ಸಮೇತ ಜಾರಿದ್ರು, ಬೀಳೋ ಮುಂದ ಬಲಗೈ ಊರಿದ್ರು. ಮಣಿಕಟ್ಟಿನ ಮ್ಯಾಲ ಕೈ ಸೊಟ್ಟ ಆಗಿದ್ದು ನನಗ ದೂರದಿಂದನ ಕಾಣಸ್ತು. ಹಿಂಗ ಕೈ ಊರಿ ಬಿದ್ದಾಗ ಮಣಿಕಟ್ಟು ಮುರಿಯೋದು ವಯಸ್ಸಾದ ಹೆಣ್ಣಮಕ್ಕಳಿಗೆ ಭಾಳ ಆಗ್ತೈತಿ ಅಂತ ಡಾಕ್ಟರ್ ಆಮ್ಯಾಲ ಹೇಳಿದ್ರು, ಎಲಬು ಸವದಿರ್ತಾವಂತ.

ಆ ರಟ್ಟಿನ ಬಗ್ಗೆ ಇನ್ನೊಂದ್ ಮಾತು ಹೇಳಬೇಕು, ಯಾಕಂದ್ರ ಕಡೀಕ ನಮ್ಮನ್ನ ಉಳಿಸಿದ್ದು ಅದ. ನೀರು ಈಗಷ್ಟ ಬಿದ್ದಿತ್ತು, ನಮಗ ಗೊತ್ತ ಇರಲಿಲ್ಲ ಅಂತ ಅಂಗಡಿಯವರು ಹೇಳಬಹುದಿತ್ತು. ಆದ್ರ ರಟ್ಟು ಹಾಸ್ಯಾರಂದ್ರ ನೀರು ಬೀಳ್ತೈತಿ ಅನ್ನೋದು ಅವರಿಗೆ ಗೊತ್ತಿತ್ತು ಅಂತನ ಅರ್ಥ ಅಲ್ಲೇನ್ರಿ? ಗೊತ್ತಿದ್ದೂ ಸರಿ ಮಾಡಲಿಲ್ಲ, ಒಂದು ಹಳದಿ ಬೋರ್ಡ್ ಸೈತ ಇಡಲಿಲ್ಲ, ಇದಕ್ಕ ನಿರ್ಲಕ್ಷ್ಯ ಅಂತಾರ. ನನ್ನ ಮಗ ಅಜ್ಜಿನ ಎತ್ತಿ ಕುರ್ಚಿ ಮ್ಯಾಲ ಕುಂದ್ರಿಸಿದ ಮ್ಯಾಲ ಮೊಬೈಲ್‌ನ್ಯಾಗ ರಟ್ಟು, ನೀರು, ಫ್ರಿಜ್ ಎಲ್ಲಾ ಸೇರಿ ಬರೂ ಹಂಗ ಫೋಟೋ ತಗದ, ಒಂದು ವೀಡಿಯೋನೂ ಮಾಡಿದ. ಅದಾದ ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ಮಾಪ್ ತಗೊಂಡ್ ಬಂದು ಎಲ್ಲಾ ಒರಸಿ ರಟ್ಟು ಸುತ್ತಿ ಒಯ್ದ. ಆ ಹುಡುಗನ ಮ್ಯಾಲ ನನಗ ಸಿಟ್ಟಿಲ್ಲ, ಅವ ಹೇಳಿದ ಕೆಲಸ ಮಾಡಾವ.

ಸಿಟ್ಟು ಮ್ಯಾನೇಜರ್ ಮ್ಯಾಲ. ನೋವಿಗೆ ಅತ್ತಿಯಾರ ಕಣ್ಣಾಗ ನೀರು ಬರಾಕತ್ತಿದ್ವು, ಆ ಮನಷ್ಯಾ ಒಂದು ರಜಿಸ್ಟರ್ ತಂದು ಮುಂದ ಹಿಡದ, "ಅಜ್ಜಿ ಇಲ್ಲೊಂದ್ ಸೈನ್ ಮಾಡ್ರಿ, ನಿಮಗ 1,000 ರೂಪಾಯಿ ಗಿಫ್ಟ್ ವೋಚರ್ ಕೊಡ್ತೀವಿ" ಅಂದ. ಓದಿದ್ರ "ನನಗೆ ಯಾವುದೇ ತಕರಾರು ಇರುವುದಿಲ್ಲ" ಅಂತ ಬರದಿತ್ತು. ಬಲಗೈ ಮುರದೈತಿ, ಸೈನ್ ಯಾವ ಕೈಲೆ ಮಾಡಬೇಕ್ರಿ ಅಂತ ನಾ ಕೇಳಿದ್ದಕ್ಕ, ನೀವ ಮಾಡ್ರಿ ಅಕ್ಕಾರ ಅಂದ. ಮಾಡಲಿಲ್ಲ. ಆಟೋ ಕರಸೂದಂತೂ ದೂರ ಉಳೀತು, ಒಂದು ಐಸ್ ತುಂಡು ಕೊಡಲಿಲ್ಲ, ಮುಂದನ ಐಸ್‌ಕ್ರೀಮ್ ಫ್ರಿಜ್ ಇತ್ತು.

ದವಾಖಾನಿಯೊಳಗ ಎಕ್ಸ್‌ರೇ ತಗದು, ಎಲಬು ಕೂಡ್ಸಿ ತಂತಿ ಹಾಕಿ ಪ್ಲಾಸ್ಟರ್ ಹಾಕಿದ್ರು. ಕೇಸ್ ಪೇಪರ್‌ನ್ಯಾಗ "ಬಿದ್ದು ಪೆಟ್ಟಾಗಿದೆ" ಅಂತಷ್ಟ ಬರೀತಿದ್ರು, ನಾ ಕೇಳ್ಕೊಂಡು ಇಂಥಾ ತಾರೀಖು ಇಂಥಾ ಅಂಗಡಿಯೊಳಗ ಒದ್ದಿ ನೆಲದ ಮ್ಯಾಲ ಜಾರಿ ಬಿದ್ದಿದ್ದು ಅಂತ ಬರಸಿದೆ. ಇದನ್ನ ಎಲ್ಲಾರೂ ಮಾಡ್ರಿ. ಮನ್ಯಾಗ ಬಿದ್ದು ನಮ್ಮ ಮ್ಯಾಲ ಹಾಕಾಕತ್ತಾರ ಅನ್ನೋ ಮಾತು ನಾಳೆ ಬಂದ್ರ ಆ ಒಂದು ಸಾಲು ಉತ್ತರ ಕೊಡ್ತೈತಿ. ಭಾಳ ದೊಡ್ಡ ಪೆಟ್ಟಿದ್ರ ಎಂಎಲ್‌ಸಿ (ದವಾಖಾನಿಯವರು ಪೊಲೀಸರಿಗೆ ತಿಳಸೂ ಕೇಸಿನ ದಾಖಲೆ) ಮಾಡ್ಸಿ ಪೊಲೀಸ್ ಠಾಣಿಗೂ ಹೋಗಬಹುದು, ಎಲಬು ಮುರಿದ್ರ ಕಾಯ್ದೆ ಪ್ರಕಾರ ಅದು ತೀವ್ರ ಗಾಯನ, ನಿರ್ಲಕ್ಷ್ಯದಿಂದ ಆದ್ರ ಭಾರತೀಯ ನ್ಯಾಯ ಸಂಹಿತೆ 125ನೇ ಕಲಂ ಬರ್ತೈತಿ. ನಾವು ಠಾಣಿ ಮೆಟ್ಟಿಲಾ ಏರಲಿಲ್ಲ, ಅತ್ತಿಯಾರಿಗೆ ಬ್ಯಾಡಾಗಿತ್ತು.

ಈಗ ನನಗ ಭಾಳ ತ್ರಾಸ ಆದ ಮಾತಿಗೆ ಬರ್ತೀನಿ. ಮುಂದ ಒಂದಿನ ದವಾಖಾನಿ ಬಿಲ್ ತಗೊಂಡು ಹೋದಾಗ ಅದ ಮ್ಯಾನೇಜರ್, "ವಯಸ್ಸಾದೋರು, ಮನ್ಯಾಗ ಕುಂತಿರ್ತಾರ, ಅವರಿಗೇನ್ ಲಾಸ್ ಆಗ್ತೈತ್ರಿ" ಅಂದ. ನಮ್ಮ ಅತ್ತಿಯಾರು ಮನ್ಯಾಗ ಕುಂತವರಲ್ಲ. ನಸುಕಿನ್ಯಾಗ ಎದ್ದು ಒಂದು ಖಾನಾವಳಿಗೆ ದಿನಾ 120 ಜ್ವಾಳದ ರೊಟ್ಟಿ ಬಡದು ಕೊಡ್ತಾರ, ಹಿಟ್ಟು ಕಟಗಿ ಖಾನಾವಳಿಯವರದ್ದ, ರೊಟ್ಟಿಗೆ 3 ರೂಪಾಯಿ ಕೂಲಿ, ಅಂದ್ರ ದಿನಕ್ಕ 360. ಅದ ರೊಕ್ಕದಾಗ ನನ್ನ ನಾದಿನಿ ಮದವಿ ಮಾಡ್ಯಾರ, ನನ್ನ ಮಗನ ಕಾಲೇಜ್ ಫೀ ತುಂಬ್ಯಾರ. ರೊಟ್ಟಿ ಬಡಿಯೋ ಕೆಲಸ ಅಂದ್ರ ಪೂರಾ ಮಣಿಕಟ್ಟಿನ ಕೆಲಸ, ಹಿಟ್ಟು ನಾದೂದು, ಅಂಗೈಲೆ ತಟ್ಟಿ ತಿರುಗಿಸೂದು, ಹಂಚಿಗೆ ಹಾಕಿ ನೀರು ಸವರೂದು. ಬಲಗೈ ಹ್ವಾದ್ರ ಅವರಿಗೆ ಉಳಿಯೋದೇನು? ಪ್ಲಾಸ್ಟರ್ ಇದ್ದಷ್ಟ ದಿನ ಅಲ್ಲ, ಬಿಚ್ಚಿದ ಮ್ಯಾಲೂ ಬೆರಳು ಮುಚ್ಚಾಕ ಬರ್ತಿರಲಿಲ್ಲ, ಫಿಸಿಯೋಥೆರಪಿಗೆ ಹೋಗಿ ಬಿಸಿನೀರಾಗ ಸ್ಪಂಜಿನ ಚೆಂಡು ಹಿಚಕೋದು ಮಾಡ್ಸಿದ್ರು, ನೋವಿಗೆ ತುಟಿ ಕಚ್ಕೊಂಡು ಕುಂದ್ರುತ್ತಿದ್ರು.

ಹೆಣ್ಣಮಕ್ಕಳ ಕೆಲಸಕ್ಕ ಸ್ಲಿಪ್ ಇರೂದಿಲ್ಲ, ಬ್ಯಾಂಕ್ ಪಗಾರ ಇರೂದಿಲ್ಲ, ಅಂತ ಲೆಕ್ಕಕ್ಕ ಹಿಡಿಯೋದ ಬ್ಯಾಡ ಅನ್ನೋ ಹಂಗ ಎಲ್ಲಾರೂ ಮಾತಾಡ್ತಾರ. ಖಾನಾವಳಿ ಮಾಲಕರು ಬಂಗಾರದಂಥಾ ಮನಷ್ಯಾ, ತಮ್ಮ ಲೆಟರ್‌ಹೆಡ್ ಮ್ಯಾಲ ಇವರು ಇಷ್ಟ ವರ್ಷದಿಂದ ನಮಗ ರೊಟ್ಟಿ ಕೊಡ್ತಾರ, ದಿನಕ್ಕ ಇಷ್ಟ, ಕೂಲಿ ಇಷ್ಟ, ಈ ತಾರೀಖಿನಿಂದ ಕೊಟ್ಟಿಲ್ಲ ಅಂತ ಬರದು ಸೈನ್ ಶಿಕ್ಕಾ ಹಾಕಿ ಕೊಟ್ರು, ರೊಟ್ಟಿ ಲೆಕ್ಕದ ಪುಸ್ತಕದ ಝೆರಾಕ್ಸ್ ಸೈತ ಕೊಟ್ರು. ಹಾಲು ಮಾರೋರು, ಹೊಲಿಗಿ ಹಾಕೋರು, ಕಾಯಿಪಲ್ಲೆ ಗಾಡಿಯೋರು ಯಾರರ ಇರಲಿ, ನಿಮ್ಮ ದುಡಿಮಿಗೆ ಹಿಂಗ ಒಂದು ಕಾಗದ ಮಾಡ್ಸ್ರಿ, ನಡೀತೈತಿ.

ಕಾಯ್ದೆ ಏನ್ ಹೇಳ್ತೈತಿ ಅಂತ ನಮ್ಮ ಓಣಿಯ ಒಬ್ಬ ವಕೀಲರು ತಿಳಿಸಿ ಹೇಳಿದ್ರು. ರಸ್ತೆದಾಗ ಗಾಡಿ ಹಾಯ್ಸಿದ್ರ ಪರಿಹಾರ ಸಿಗ್ತೈತಿ ಅಂತ ಎಲ್ಲಾರಿಗೂ ಗೊತ್ತೈತಿ, ಅಂಗಡ್ಯಾಗ ಬಿದ್ರ ನಮ್ಮ ಹಣೇಬರಹ ಅಂತ ಎದ್ದು ಬರ್ತೀವಿ, ಹಂಗೇನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಐತಿ, 2020ರ ಜುಲೈ 20ರಿಂದ ಜಾರಿ ಬಂದೈತಿ, ಅದರಾಗ ಸೇವಾ ನ್ಯೂನತೆ ಅಂದ್ರ ನಿರ್ಲಕ್ಷ್ಯದಿಂದ ಗ್ರಾಹಕನಿಗೆ ಆದ ನಷ್ಟ, ಗಾಯನೂ ಬರ್ತೈತಿ, ಅದಕ್ಕ ಪರಿಹಾರ ಕೊಡಸೂ ಅಧಿಕಾರ ಜಿಲ್ಲಾ ಗ್ರಾಹಕ ಆಯೋಗಕ್ಕ ಐತಿ. ಘಟನೆ ಆಗಿ 2 ವರ್ಷದೊಳಗ ದೂರು ಹಾಕಬೇಕು. ವಕೀಲರನ್ನ ಇಡಲೇಬೇಕು ಅಂತಿಲ್ಲ, ನೀವ ನಿಂತು ಹೇಳಬಹುದು. ಫೀ ಲೆಕ್ಕ ನೀವು ಕೊಟ್ಟ ಬೆಲೆ ಮ್ಯಾಲ, ಕೇಳೋ ಪರಿಹಾರದ ಮ್ಯಾಲ ಅಲ್ಲ, 5 ಲಕ್ಷದ ತನಕ ಫೀನ ಇಲ್ಲ. ನಮ್ಮ ಬಿಲ್ 2,340 ರೂಪಾಯಿದು, ಕೇಳೋದು ಲಕ್ಷದ ಮ್ಯಾಲ ಇದ್ರೂ ಒಂದ್ ರೂಪಾಯಿ ಫೀ ಬರೂದಿಲ್ಲ. ಇನ್ನ ಇದು ಭಾಳ ಮಂದಿಗೆ ಗೊತ್ತಿಲ್ಲ, ದೂರು ನೀವು ಇರೋ ಊರಿನ ಜಿಲ್ಲೆಯೊಳಗ ಹಾಕಬಹುದು, ಗದಗ ಹಾವೇರಿಯವರು ಹುಬ್ಬಳ್ಳಿಗೆ ಮದವಿ ಸಂತಿಗೆ ಬಂದು ಇಲ್ಲಿ ಬಿದ್ರ ಧಾರವಾಡಕ್ಕ ಅಡ್ಡಾಡಬೇಕಂತಿಲ್ಲ, ತಮ್ಮ ಜಿಲ್ಲಾ ಆಯೋಗಕ್ಕ ಹೋದ್ರ ಆತು. ಆನ್‌ಲೈನ್‌ನ್ಯಾಗ ಇ-ಜಾಗೃತಿ ಅಂತ ಸರಕಾರದ ವೆಬ್‌ಸೈಟ್ ಐತಿ, ಅದರಾಗೂ ದೂರು ಹಾಕಬಹುದು.

ಬಿಲ್ ಮಾತ್ರ ಜೋಪಾನ. ಬಿಲ್ ಇದ್ರ ನೀವು ನಮ್ಮ ಗ್ರಾಹಕರ ಅಲ್ಲ ಅಂತ ವಾದ ಮಾಡಾಕ ಅವರಿಗೆ ಜಾಗಾ ಉಳಿಯೂದಿಲ್ಲ. ನಮ್ಮದು ಅತ್ತಿಯಾರ ಫೋನ್ ನಂಬರ್ ಮ್ಯಾಲ ಪಾಯಿಂಟ್ ಜಮಾ ಆಗೂ ಬಿಲ್, ಟೈಮ್ ಸಮೇತ ಇತ್ತು. ಏನೂ ಕೊಳ್ಳಲಾರದ ಬಿದ್ದಿದ್ರ ಸಿವಿಲ್ ಕೋರ್ಟಿನ ದಾರಿ ಐತಿ, ಅದು ಉದ್ದ. ಸಿಸಿಟಿವಿಗೂ ಬೆನ್ನ ಹತ್ತಬೇಕು, ಹಳೇ ರೆಕಾರ್ಡಿಂಗ್ ಮ್ಯಾಲ ಹೊಸದು ಬಂದು ಅಳಿಸಿ ಹೋಗ್ತೈತಿ, ಅದಕ್ಕ ನಾವು ಮರುದಿನಾನ ಅವರ ಹೆಡ್ ಆಫೀಸಿಗೆ ಇಮೇಲ್ ಹಾಕಿ ಇಂಥಾ ತಾರೀಖು ಇಂಥಾ ಹೊತ್ತಿನ ರೆಕಾರ್ಡಿಂಗ್ ಕಾಯ್ದಿಡ್ರಿ ಅಂತ ಕೇಳಿದ್ವಿ. ಆಮ್ಯಾಲ ಅವರು ಅಳಿಸಿದ್ರ ಅದು ಅವರಿಗೇ ಮುಳುವು.

ಮ್ಯಾನೇಜರ್ ಬಾಗಿಲ ಮ್ಯಾಲಿನ ಬೋರ್ಡೂ ತೋರ್ಸಿದ, "ಅಂಗಡಿಯೊಳಗೆ ಆಗುವ ಅನಾಹುತಕ್ಕೆ ಆಡಳಿತ ಮಂಡಳಿ ಜವಾಬ್ದಾರಿಯಲ್ಲ" ಅಂತ ಇತ್ತು. ಬೋರ್ಡ್ ಹಾಕಿದ ಮಾತ್ರಕ್ಕ ತಪ್ಪು ತೊಳಕೊಂಡು ಹೋಗೂದಿಲ್ಲ. ದಿಲ್ಲಿಯ ಒಂದು ದೊಡ್ಡ ಹೋಟೆಲ್ಲಿನ್ಯಾಗ ಕಾರು ಕಳುವಾದ ಕೇಸಿನ್ಯಾಗ, ಪಾರ್ಕಿಂಗ್ ಚೀಟಿ ಮ್ಯಾಲ ಕಾರಿನ ಮಾಲೀಕರ ಹೊಣೆ ಅಂತ ಛಾಪಿಸಿದ್ರೂ ಹೋಟೆಲ್‌ನವರ ನಿರ್ಲಕ್ಷ್ಯಕ್ಕ ಹೋಟೆಲ್‌ನವರ ಜವಾಬ್ದಾರಿ ಅಂತ ಸುಪ್ರೀಂ ಕೋರ್ಟ್ 2019ರಾಗ ಹೇಳೈತಿ. ಅದು ಕಾರಿನ ಮಾತು ಖರೆ, ಕಾರಿಗೆ ಇರೋ ಬೆಲೆ ನಮ್ಮ ಕೈಗೆ ಇಲ್ಲೇನು?

ಹಂಗಂತ ಬಿದ್ದೋರಿಗೆಲ್ಲಾ ರೊಕ್ಕ ಸಿಗ್ತೈತಿ ಅಂತ ತಿಳಕೋಬ್ಯಾಡ್ರಿ. ನೆಲ ಒಣಾ ಇತ್ತು, ನಮ್ಮ ಸೀರಿ ನಿರಿಗಿ ನಾವ ತುಳದು ಬಿದ್ವಿ ಅಂದ್ರ ಅಂಗಡಿಯವರದೇನೂ ತಪ್ಪಿಲ್ಲ, ಕೇಳೋದು ನ್ಯಾಯನೂ ಅಲ್ಲ. ತಪ್ಪು ತೋರ್ಸಬೇಕು, ಅದಕ್ಕ ಫೋಟೋ ಬೇಕು.

ನಾವು ಲೆಕ್ಕ ಹಾಕಿದ್ದು ಹಿಂಗ. ದವಾಖಾನಿ ಔಷಧಿ ಎಲ್ಲಾ 46,000, ಫಿಸಿಯೋಗೆ 7,000, ಆಟೋಗೆ 2,500, ರೊಟ್ಟಿ ಕೂಲಿ ಹೋಗಿದ್ದು 25,000 ಹತ್ರ, ನೋವಿಗೆ ತ್ರಾಸಿಗೆ 50,000. ಇದನ್ನ ಹಾಕಿ ಹೆಡ್ ಆಫೀಸಿಗೆ ಸ್ಪೀಡ್ ಪೋಸ್ಟ್‌ನ್ಯಾಗ ನೋಟಿಸ್ ಕಳಸಿದ್ವಿ, 15 ದಿನ ಟೈಮ್ ಕೊಟ್ವಿ, ಜೊತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಹಚ್ಚಿ ಕನ್ನಡದಾಗನ ದೂರು ಬರಸಿದ್ವಿ. 1915ರವರು ಕೋರ್ಟಿನಂಗ ಆದೇಶ ಮಾಡೂದಿಲ್ಲ, ಕಂಪನಿಗೆ ದೂರು ಕಳಸಿ ಉತ್ತರ ಕೇಳ್ತಾರ, ಆದ್ರ ಆ ದೂರಿನ ನಂಬರ್ ಬಂದ ಮ್ಯಾಲ ಹೆಡ್ ಆಫೀಸಿನ ಮಾತಿನ ಧಾಟಿನ ಬದಲಾತು. ಮ್ಯಾನೇಜರ್ ಕಡೆಯಿಂದ 20,000ಕ್ಕ ಮುಗಸ್ರಿ ಅಂತ ಬಂದಿತ್ತು, ಹೆಡ್ ಆಫೀಸಿನವರು ತಮ್ಮ ಇನ್ಶೂರೆನ್ಸ್‌ನ್ಯಾಗ ಪಬ್ಲಿಕ್ ಲಯಬಿಲಿಟಿ (ಅಂಗಡಿಗೆ ಬಂದ ಮಂದಿಗೆ ಪೆಟ್ಟಾದ್ರ ಪರಿಹಾರ ತುಂಬೂ ವಿಮಾ) ಅಂತ ಭಾಗ ಐತಿ, ಪೇಪರ್ ಕಳಸ್ರಿ ಅಂದ್ರು. ಅಂದ್ರ ಇಷ್ಟ ದಿನ ವಿಮಾ ಇಟ್ಕೊಂಡ ನಮ್ಮನ್ನ ವೋಚರ್ ಮ್ಯಾಲ ಸಾಗ ಹಾಕಾಕ ನೋಡಿದ್ರು! ಅಂಗಡಿಯವರು ತಗೊಳ್ಳೋ ಪ್ಯಾಕೇಜ್ ಪಾಲಿಸಿಯೊಳಗ ಬೆಂಕಿ, ಕಳವಿನ ಜೊತಿಗೆ ಇದನ್ನೂ ಸೇರಿಸ್ಕೋಬಹುದು, ಸಣ್ಣ ಕಿರಾಣಿ ಅಂಗಡಿಯಣ್ಣಾರು ಓದಾಕತ್ತಿದ್ರ ನೀವೂ ನಿಮ್ಮ ಏಜೆಂಟರನ್ನ ಒಮ್ಮೆ ಕೇಳಿ ನೋಡ್ರಿ.

ತಂತಿ ತಗದು, ಇನ್ನೇನೂ ಆಪರೇಷನ್ ಬೇಕಾಗಿಲ್ಲ ಅಂತ ಡಾಕ್ಟರ್ ಬರದು ಕೊಟ್ಟ ಮ್ಯಾಲನ ನಾವು ಕಡೀ ಕಾಗದಕ್ಕ ಸೈನ್ ಮಾಡಿದ್ವಿ. ಅವರು ಮೊದ್ಲಿಂದ ಅವಸರ ಮಾಡ್ತಿದ್ರು. ಒಮ್ಮೆ ಪೂರ್ತಿ ಮುಗೀತು ಅಂತ ಸೈನ್ ಮಾಡಿದ್ರ ಆಮ್ಯಾಲ ಕೈ ಮತ್ತ ತ್ರಾಸ ಕೊಟ್ರೂ ಕೇಳಾಕ ಬರೂದು ಕಷ್ಟ. ಕಡೀಕ 95,000ಕ್ಕ ಆತು, ಅತ್ತಿಯಾರ ಖಾತೆಗೇ ಬಂತು. ನೋವಿನ ರೊಕ್ಕದಾಗ ಕಡಿಮಿ ಮಾಡಿದ್ರು, ಆಯೋಗಕ್ಕ ಹೋಗೂಣ ಅಂತ ನಾ ಅಂದೆ, ಅತ್ತಿಯಾರು ಸಾಕ್ ಬಿಡವಾ ಅಂದ್ರು, ಕೈ ಅವರದು, ಅವರ ಮಾತ ಕಡೀದು. ಆದ್ರ ರೊಟ್ಟಿ ಕೂಲಿ ಒಂದ್ ರೂಪಾಯಿ ಕಡಿಮಿ ಇಲ್ಲದ ಕಾಗದದಾಗ ಬರಸ್ಕೊಂಡ್ವಿ, ಅದರಾಗ ನಾ ಬಗ್ಗಲಿಲ್ಲ.

ಹೆಣ್ಣಮಕ್ಕಳು ಯಾರಾದ್ರೂ ಇಂಥಾದ್ರಾಗ ಸಿಕ್ಕಿದ್ರ ವಕೀಲರ ಫೀಗೆ ಹೆದರಬ್ಯಾಡ್ರಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಹೆಣ್ಣಮಕ್ಕಳಿಗೆ ಆದಾಯ ನೋಡಲಾರದ ಪುಕ್ಕಟೆ ವಕೀಲರನ್ನ ಕೊಡ್ತಾರ, 15100ಕ್ಕ ಫೋನ್ ಮಾಡ್ರಿ.

ಸ್ಟಾರ್ ಹಿಂಗ ಹಾಕೀನಿ, ಸಾಮಾನಿಗೆ 4, ನೆಲಕ್ಕ 1, ಮ್ಯಾನೇಜರ್ ನಡವಳಿಕಿಗೆ 1, ಹೆಡ್ ಆಫೀಸಿಗೆ 3, ಒಟ್ಟು 2. ಮೊನ್ನೆ ಮಗ ಹೋಗಿ ನೋಡಿ ಬಂದಾನ, ಫ್ರಿಜ್ ಮುಂದ ಈಗ ರಬ್ಬರ್ ಮ್ಯಾಟ್ ಹಾಕ್ಯಾರ, ನೀರು ಇಳಿಯೋ ಪೈಪ್ ಮಾತ್ರ ಇನ್ನೂ ರಿಪೇರಿ ಮಾಡ್ಸಿಲ್ಲ. ಅದನ್ನ ಮಾಡ್ಸಿ ಫೋಟೋ ಹಾಕಿದ್ರ ನೆಲದ ಸ್ಟಾರ್ ಏರಸ್ತೀನಿ.