ಕೊರಲೆ–ಹುರುಳಿ ಜೋಡಿ ಪ್ಯಾಕೆಟ್: ಕಾಳು ಚೆನ್ನಾಗಿದೆ, ಚೀಟಿ ತಪ್ಪಿದೆ

ದಾವಣಗೆರೆಯ ಸಿರಿಧಾನ್ಯದ ಅಂಗಡಿಯೊಂದು ಮಾರುತ್ತಿರುವ ಜೋಡಿ ಪ್ಯಾಕೆಟ್ ಇದು. ಒಂದು ಕಿಲೋ ಪಾಲಿಶ್ ಮಾಡದ ಕೊರಲೆ ಅಕ್ಕಿ, ಅರ್ಧ ಕಿಲೋ ಹುರುಳಿಕಾಳು. ಮೇಲೆ ‘ಹಳೆ ಶಿಲಾಯುಗದ ಊಟ’ ಎಂಬ ಚೀಟಿ.

ಹಳೆ ಶಿಲಾಯುಗದವರು ಬಿತ್ತಿದವರೇ ಅಲ್ಲ. ಗೆಡ್ಡೆ, ಹಣ್ಣು, ಬೇಟೆ, ಸಿಕ್ಕಿದ್ದನ್ನು ತಿಂದವರು. ಕೊರಲೆ, ಹುರುಳಿ ಬೇಸಾಯ ನವಶಿಲಾಯುಗದ್ದು. ಹಾವೇರಿ ಜಿಲ್ಲೆಯ ಹಳ್ಳೂರು, ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಸುಮಾರು 3,500ರಿಂದ 4,000 ವರ್ಷ ಹಳೆಯ ಸುಟ್ಟ ಕಾಳುಗಳು ಸಿಕ್ಕಿವೆ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಕರಕಲಾದ ಕಾಳು ಮೇಲೆ ತೇಲುತ್ತದೆ, ಅದನ್ನು ಸೋಸಿ ನೋಡುತ್ತಾರೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಈ ಪದ್ಧತಿ ಇನ್ನೂ ಬಳಕೆಗೆ ಬಂದಿರಲಿಲ್ಲ; ಅಲ್ಲಿಯ ನಯಮಾಡಿದ ಕಲ್ಲುಕೊಡಲಿಗಳೇ ಹೆಸರಾದವು. ಚೀಟಿಯಲ್ಲಿ ರಾಗಿಯನ್ನೂ ಇದೇ ಸಾಲಿಗೆ ಸೇರಿಸಿದ್ದಾರೆ. ರಾಗಿ ಆಫ್ರಿಕಾದಿಂದ ಆಮೇಲೆ ಬಂದದ್ದು, ಜೋಳವೂ ಅಷ್ಟೆ.

ಕೊರಲೆ ಇಂದಿಗೂ ಅರೆ ಕಾಡುಗಿಡ. ಬೇರೆ ಬೆಳೆಯ ನಡುವೆ ಕಳೆಯಾಗಿಯೂ ಹುಟ್ಟುತ್ತದೆ. ಕಾಡುಹುಲ್ಲಿನ ಕಾಳು ಮಾಗುತ್ತಿದ್ದಂತೆ ಉದುರಬೇಕು, ಇಲ್ಲದಿದ್ದರೆ ಅದರ ಸಂತಾನ ಮುಂದುವರಿಯದು. ತೆನೆ ಬಡಿದು ಬುಟ್ಟಿಗೆ ಉದುರಿಸಿಕೊಂಡರೆ ಬೇಗ ಉದುರುವ ಕಾಳೇ ಹೆಚ್ಚು ಸಿಗುತ್ತದೆ. ಮಾಗಿದ ತೆನೆಯನ್ನೇ ಕೊಯ್ದು ತಂದರೆ ಉದುರದೆ ಕಚ್ಚಿಕೊಂಡದ್ದು ಮನೆಗೆ ಬರುತ್ತದೆ, ಮುಂದಿನ ಬಿತ್ತನೆಗೂ ಅದೇ ಹೋಗುತ್ತದೆ. ಹೀಗೆ ನೂರಾರು ಸುಗ್ಗಿ ಕಳೆದ ಮೇಲೆ ಹುಲ್ಲು ಬೆಳೆಯಾಯಿತು. ಯಾರೋ ಒಬ್ಬರು ಒಂದು ಬೆಳಗ್ಗೆ ಕಂಡುಹಿಡಿದದ್ದಲ್ಲ.

ಹುರುಳಿಯ ಕಥೆ ಸಿಪ್ಪೆಯದು. ಕಾಡುಹುರುಳಿಯ ಸಿಪ್ಪೆ ದಪ್ಪ, ಒಂದೇ ಮಳೆಗೆ ಎಲ್ಲ ಕಾಳೂ ಮೊಳೆಯುವುದಿಲ್ಲ. ಬಿತ್ತುವವನಿಗೆ ಅದು ನಷ್ಟ. ಬೇಸಾಯದಲ್ಲಿ ಸಿಪ್ಪೆ ತೆಳುವಾಗುತ್ತ ಬಂದದ್ದನ್ನು 2017ರಲ್ಲಿ ಹಳೆಯ ಕಾಳುಗಳನ್ನು ಒಡೆಯದೆ, ಎಕ್ಸ್-ರೇ ಮೂಲಕ ಅಳೆದು ತೋರಿಸಿದರು. ರಾತ್ರಿಯಿಡೀ ನೆನೆಸಿದರೂ ಈ ಪ್ಯಾಕೆಟ್ಟಿನಲ್ಲಿ ಕೆಲವು ಕಾಳು ಕಲ್ಲಿನಂತೆ ಉಳಿಯುತ್ತವೆ, ಆ ಹಳೆಯ ಗುಣವೇ. ಬೇಯಿಸುವ ಮುನ್ನ ಆರಿಸಿ ತೆಗೆಯಿರಿ, ಕುಕ್ಕರಿನಲ್ಲೂ ಅವು ಬೇಯುವುದಿಲ್ಲ.

ಅಡುಗೆಗೆ ಬಂದರೆ, ಕೊರಲೆಯನ್ನು ಮೊದಲು ಮೊರದಲ್ಲಿ ಕೇರಿ, ಆಮೇಲೆ ಎರಡು ಸಲ ನೀರಿನಲ್ಲಿ ಜಾಲಿಸಿ. ಸಣ್ಣ ಕಾಳಾದ್ದರಿಂದ ಮರಳು ಕಣ್ಣಿಗೆ ಬೀಳುವುದಿಲ್ಲ. ಜಾಲಿಸದೆ ಇಟ್ಟರೆ ಹಲ್ಲಿಗೆ ಸಿಗುತ್ತದೆ. ಆರರಿಂದ ಎಂಟು ಗಂಟೆ ನೆನೆಸಿ. ಒಂದು ಲೋಟಕ್ಕೆ ಎರಡೂವರೆ ಲೋಟ ನೀರು, ಸಣ್ಣ ಉರಿಯಲ್ಲಿ ಎರಡು ಸೀಟಿ, ಹತ್ತು ನಿಮಿಷ ಮುಚ್ಚಳ ತೆಗೆಯದೆ ಬಿಡಿ. ನೆನೆಸದಿದ್ದರೆ ಹೊರಗೆ ಅಂಟು, ಒಳಗೆ ಗಟ್ಟಿ. ಗಂಜಿಗೆ ಎಂಟು ಪಾಲು ನೀರು. ಹುರುಳಿ ಬೇಯಿಸಿದ ಕಟ್ಟಿನ ಸಾರು ಹಾಕಿಕೊಂಡರೆ ಇದಕ್ಕೆ ಒಪ್ಪುತ್ತದೆ. ದೋಸೆ ಆಗುತ್ತದೆ, ಆದರೆ ಬೆಣ್ಣೆ ದೋಸೆಯ ಊರಿನಲ್ಲಿ ಅದನ್ನು ಹೊಗಳುವ ಧೈರ್ಯ ಬೇಡ.

ದೂರು ಎರಡು. ಕೊರಲೆಯ ಹೊಟ್ಟು ಬಿಗಿ. ರಾಗಿ, ಜೋಳಕ್ಕೆ ಈ ಪೀಡೆಯಿಲ್ಲ, ಒನಕೆಯ ಕಾಲದಲ್ಲಿ ಕೊರಲೆ ಹಿಂದೆ ಬೀಳಲು ಇದೂ ಒಂದು ಕಾರಣ. ಮಿಲ್ಲಿನಲ್ಲಿ ಸಾಮೆಗೆ ಹೊಂದಿಸಿದ ಯಂತ್ರದಲ್ಲೇ ಇದನ್ನೂ ಹಾಕಿದರೆ ನುಚ್ಚಾಗುತ್ತದೆ, ಇಲ್ಲವೇ ಸಿಪ್ಪೆ ಬಿಡದ ಕಾಳು ಉಳಿಯುತ್ತದೆ. ಈ ಪ್ಯಾಕೆಟ್ಟಿನಲ್ಲಿ ಎರಡೂ ಇವೆ. ಇನ್ನೊಂದು, ಮಿಲ್ ಮಾಡಿಸಿದ ದಿನಾಂಕ ಇಲ್ಲ, ಪ್ಯಾಕ್ ಮಾಡಿದ್ದು ಮಾತ್ರ ಇದೆ. ತೌಡಿನ ಎಣ್ಣೆಯಂಶ ಇರುವುದರಿಂದ ಪಾಲಿಶ್ ಮಾಡದ ಅಕ್ಕಿ ಬೇಗ ಕಮಟುತ್ತದೆ. ಅಂಗಡಿಯಲ್ಲೇ ಒಂದು ಹಿಡಿ ಮೂಸಿ ನೋಡಿ ಕೊಳ್ಳಿ, ಎರಡು ತಿಂಗಳಿಗೆ ಮುಗಿಯುವಷ್ಟೇ ಸಾಕು.

ಐದಕ್ಕೆ ಮೂರೂವರೆ. ಆ ಅರ್ಧ ಹುರುಳಿಗೆ.